ಹೊಲ ಬಿಟ್ಟುಕೊಡದ ರೈತನ ಮಗ

ಗೋರ್ಬಚೆವ್ ಅಂದ್ರೆ ನಮಗೆಲ್ಲ ಪೆರೆಸ್ತ್ರೋಯಿಕಾ, ಗ್ಲಾಸ್‌ನೋಸ್ತ್, ಬರ್ಲಿನ್ ಗೋಡೆ. ಹೊಲದ ಲೆಕ್ಕ ಯಾರೂ ಕೇಳಲ್ಲ.

ಹುಟ್ಟಿದ್ದು 1931ರಲ್ಲಿ, ಸ್ತಾವ್ರೊಪೋಲ್ ಸೀಮೆಯ ಪ್ರಿವೋಲ್ನೊಯೆ ಹಳ್ಳೀಲಿ. ಸಾಮೂಹಿಕ ಬೇಸಾಯಕ್ಕೆ ಸೇರದೆ ಒಂಟಿಯಾಗಿ ಉಳುತ್ತಿದ್ದ ತಾತನನ್ನು, ಬಿತ್ತನೆಯ ಗುರಿ ಮುಟ್ಟಲಿಲ್ಲ ಅಂತ ಸೈಬೀರಿಯಾಕ್ಕೆ ಮರ ಕಡಿಯೋಕೆ ಕಳಿಸಿದ್ದರು. ಅಪ್ಪನ ಜೊತೆ ಕೊಯ್ಲು ಯಂತ್ರ ಓಡಿಸಿದ ಮೊಮ್ಮಗನಿಗೆ 1948ರ ಸುಗ್ಗಿಯ ದುಡಿಮೆಗಾಗಿ ಸರ್ಕಾರದ ಪದಕ ಬಂತು.

1978ರಲ್ಲಿ ಇಡೀ ಸೋವಿಯತ್ ಬೇಸಾಯದ ಹೊಣೆ ಹೊತ್ತು ಮಾಸ್ಕೋಗೆ ಹೋದರು. 1982ರಲ್ಲಿ ಆಹಾರ ಯೋಜನೆ ಬಂತು. ಹೊರದೇಶದ ಗೋಧಿಗೆ ಕಾಯೋದು ತಪ್ಪಲಿಲ್ಲ. 1985ರಲ್ಲಿ ಪಕ್ಷದ ಚುಕ್ಕಾಣಿ ಹಿಡಿದವರೇ ಐದು ಸಚಿವಾಲಯ ಸೇರಿಸಿ ಒಂದು ದೊಡ್ಡ ಕಚೇರಿ ಕಟ್ಟಿದರು. 1989ರಲ್ಲಿ ಅದನ್ನೂ ಮುಚ್ಚಿದರು. ಕುಡಿತ ಬಿಡಿಸೋ ಆಂದೋಲನದಲ್ಲಿ ದ್ರಾಕ್ಷಿ ತೋಟಗಳನ್ನೇ ಕಿತ್ತರು. ರೈತನಿಗೆ ಭೂಮಿ ಗುತ್ತಿಗೆಗೆ ಕೊಡೋಣ ಅಂದರು. ಒಡೆತನದ ಮಾತು ಬಂದಾಗ ಮಾತ್ರ ಹಿಂಜರಿದರು.

ನನ್ನ ತಕರಾರು ಇಷ್ಟೇ. ಪತ್ರಿಕೆಗಳನ್ನು ನಂಬಿ ಬಾಯಿ ಬಿಚ್ಚೋಕೆ ಬಿಟ್ಟವರು, ತಮ್ಮೂರ ರೈತನನ್ನು ನಂಬಿ ಹೊಲ ಬಿಡಲಿಲ್ಲ. ತಾತನಿಗೆ ಬಿತ್ತನೆಯ ಗುರಿ ಹಾಕಿದ್ದೂ ಒಂದು ಕಚೇರಿಯೇ ತಾನೆ? ಮೊಮ್ಮಗ ಅದರ ಬೋರ್ಡು ಬದಲಾಯಿಸಿದರು. ರೈತನ ಮಕ್ಕಳು ಗದ್ದುಗೆ ಏರಿದರೆ ಸಾಲದು ಕಣ್ರೀ.