ಇಸ್ತ್ರಿ ಹಾಕಿದ ಬೆಟ್ಟ

ಕಾರ್ಡುರಾಯ್ ಅಂದರೆ ನಮ್ಮ ತಲೆಮಾರಿನವರಿಗೆ ಪ್ಯಾಂಟು. ಉದ್ದುದ್ದ ಗೆರೆಯ ಆ ದಪ್ಪ ಬಟ್ಟೆಯನ್ನು ಎಂಬತ್ತರ ದಶಕದಲ್ಲಿ ಮದುವೆಮನೆಗೆಂದೇ ಎತ್ತಿಡುತ್ತಿದ್ದೆವು. ಅಮೆರಿಕದ ಸ್ಕೀ ರೆಸಾರ್ಟುಗಳಲ್ಲಿ ಅದೇ ಹೆಸರು ಹಿಮಕ್ಕೆ ಅಂಟಿಕೊಂಡಿದೆ. ರಾತ್ರಿಯೆಲ್ಲ ಸ್ನೋಕ್ಯಾಟ್ ಯಂತ್ರಗಳು ಓಡಾಡಿ ಹೋದ ಮೇಲೆ ಇಳಿಜಾರಿನ ತುಂಬ ಕೂರಿಗೆ ಎಳೆದ ಹೊಲದ ಹಾಗೆ ಒಂದೇ ಅಳತೆಯ ಸಣ್ಣ ಸಾಲುಗಳು ಮೂಡಿರುತ್ತವೆ. ಆ ಸಾಲುಗಳ ಮೇಲೆ ಎಲ್ಲರಿಗಿಂತ ಮೊದಲು ಇಳಿಯಬೇಕೆಂದು ಜನ ಕತ್ತಲಿರುವಾಗಲೇ ಡೆನ್ವರ್ ಬಿಟ್ಟು ಹೊರಡುತ್ತಾರೆ. ನಾನೂ ಹೊರಟಿದ್ದೇನೆ. ಹಾಗಾಗಿ ಈಗ ಕೊಡಲಿರುವ ದೂರಿನಲ್ಲಿ ನಾನೂ ಒಬ್ಬ ಆರೋಪಿ.

ದೂರು ಇಷ್ಟೇ. ಗ್ರೂಮಿಂಗ್ ಎಂದು ಕರೆಯುವ ಈ ಹದಮಾಡುವ ಕೆಲಸ ಅತಿಯಾಗಿದೆ. ಎಲ್ಲಿ ಬೇಕೋ ಅಲ್ಲಿ ನಡೆದರೆ ತಕರಾರಿಲ್ಲ. ಎಲ್ಲಿ ಸಾಧ್ಯವೋ ಅಲ್ಲೆಲ್ಲ ನಡೆಯುತ್ತಿದೆ, ಪ್ರತಿ ರಾತ್ರಿ ನಡೆಯುತ್ತಿದೆ.

ಯಂತ್ರ ಮಾಡುವುದೇನೆಂದರೆ, ಮುಂದಿನ ಅಲಗಿನಿಂದ ದಿಬ್ಬ ಕೆರೆದು ಗುಂಡಿಗೆ ತುಂಬುತ್ತದೆ. ಹಿಂದೆ ಗಿರಗಿರನೆ ತಿರುಗುವ ಹಲ್ಲುಗಳ ಟಿಲ್ಲರ್ ಇದೆ. ನಮ್ಮ ಟ್ರ್ಯಾಕ್ಟರಿನ ರೋಟವೇಟರಿಗೆ ಅದು ದಾಯಾದಿ. ಗಟ್ಟಿಯಾದ ಹಿಮವನ್ನು ಅದು ಪುಡಿಮಾಡಿದ ಮೇಲೆ ಬಾಲದಲ್ಲಿರುವ ಬಾಚಣಿಗೆಯಂಥ ಪಟ್ಟಿ ಗೆರೆ ಎಳೆಯುತ್ತದೆ. ಪುಡಿಯಾದ ಹರಳುಗಳು ಮತ್ತೆ ಒಂದಕ್ಕೊಂದು ಬೆಸೆದುಕೊಳ್ಳಲು ಕೆಲವು ಗಂಟೆ ಬೇಕು. ಗಾರೆ ಹಾಕಿದ ನೆಲವನ್ನು ಬಿಗಿಯಲು ಬಿಟ್ಟ ಹಾಗೆ. ರಾತ್ರಿ ಕೆಲಸದ ಗುಟ್ಟು ಇದು. ಬೆಟ್ಟದ ನೆತ್ತಿಗೆ ಉಕ್ಕಿನ ಹಗ್ಗ ಬಿಗಿದು ರಾಟೆಯಿಂದ ಎಳೆದುಕೊಳ್ಳುವ ಯಂತ್ರಗಳು ಬಂದ ಮೇಲೆ, ಹಿಂದೆ ಯಾರೂ ಮುಟ್ಟದ ಕಡಿದಾದ ಇಳಿಜಾರುಗಳೂ ಇಸ್ತ್ರಿಗೆ ಸಿಕ್ಕವು.

ಮೊದಲು ಜನರೇ ಸಾಲುಗಟ್ಟಿ, ಏಡಿಯ ಹಾಗೆ ಪಕ್ಕಕ್ಕೆ ಹೆಜ್ಜೆಯಿಡುತ್ತ ಹಿಮವನ್ನು ತುಳಿದು ಗಟ್ಟಿಮಾಡುತ್ತಿದ್ದರು. (ಕೊಲರಾಡೊದ ಆಸ್ಪೆನ್ ಹೈಲ್ಯಾಂಡ್ಸ್ ರೆಸಾರ್ಟ್‌ನ ಹೈಲ್ಯಾಂಡ್ ಬೌಲ್‌ನಲ್ಲಿ ಇಂದಿಗೂ ಋತುವಿನ ಆರಂಭದಲ್ಲಿ ಬೂಟುಗಾಲಲ್ಲಿ ತುಳಿಯುವವರಿದ್ದಾರೆ. ತಳದ ಸಡಿಲ ಹಿಮ ಮುಂದೆ ಕುಸಿಯದಿರಲಿ ಎಂದು ಈ ತುಳಿತ. ಕೂಲಿಯಾಗಿ ಸ್ಕೀ ಪಾಸು.) 1950ರಲ್ಲಿ ಕೊಲರಾಡೊದ ವಿಂಟರ್ ಪಾರ್ಕ್ ರೆಸಾರ್ಟ್‌ನ ಹೊಣೆ ಹೊತ್ತ ಸ್ಟೀವ್ ಬ್ರ್ಯಾಡ್ಲಿ, ಅಲಗು ಮತ್ತು ಉರುಳೆ ಜೋಡಿಸಿದ ಒಂದು ಸಾಧನ ಮಾಡಿದರು. ಅದಕ್ಕೆ ಎಂಜಿನ್ ಇರಲಿಲ್ಲ. ಸ್ಕೀ ಕಟ್ಟಿಕೊಂಡವನೊಬ್ಬ ಮುಂದೆ ಹಿಡಿದು ಇಳಿಯಬೇಕು, ಭಾರವಾದ ಆ ಉರುಳೆ ಅವನ ಬೆನ್ನಟ್ಟಿಕೊಂಡು ಬರಬೇಕು. ಆ ನೌಕರಿಗೆ ಅರ್ಜಿ ಹಾಕಿದವರ ಎದೆಗಾರಿಕೆಯನ್ನು ಮೆಚ್ಚಲೇಬೇಕು. 1969ರಲ್ಲಿ ಜರ್ಮನಿಯ ಕೆಸ್‌ಬೋರರ್ ಕಂಪನಿಯ ಪಿಸ್ಟೆನ್‌ಬುಲಿ ಎಂಬ ಸ್ನೋಕ್ಯಾಟ್ ಬಂತು. ಆಮೇಲಿನದು ಡೀಸೆಲ್ಲಿನ ಕಥೆ.

ಇಷ್ಟು ಕಷ್ಟಪಟ್ಟು ಅಳಿಸುತ್ತಿರುವುದು ಏನನ್ನು? ಮುಖ್ಯವಾಗಿ ಮೊಗಲ್‌ಗಳನ್ನು. ದಿಲ್ಲಿಯ ದೊರೆಗಳಿಗೂ ಇದಕ್ಕೂ ನಂಟಿಲ್ಲ. ಆಲ್ಪ್ಸ್ ಕಡೆಯ ಜರ್ಮನ್ ಆಡುಮಾತಿನಲ್ಲಿ ಗುಡ್ಡೆಗೆ ಇರುವ ಹೆಸರದು. ಒಬ್ಬ ಸ್ಕೀಯರ್ ತಿರುವು ತೆಗೆದುಕೊಂಡಲ್ಲಿ ಹಿಮ ಕೆರೆದು ಪಕ್ಕದಲ್ಲಿ ಸಣ್ಣ ಗುಪ್ಪೆ ಬೀಳುತ್ತದೆ. ಹಿಂದೆ ಬಂದವನು ಆ ಗುಪ್ಪೆಯನ್ನು ಬಳಸಿ ತಿರುಗುತ್ತಾನೆ, ಗುಪ್ಪೆ ಬೆಳೆಯುತ್ತದೆ. ನಾಲ್ಕು ದಿನ ಕಳೆದರೆ ಇಡೀ ಇಳಿಜಾರು ಸೊಂಟದೆತ್ತರದ ದಿಬ್ಬಗಳ ಚದುರಂಗದ ಹಾಸು. ಯಾರೂ ನಕ್ಷೆ ಬರೆದಿಲ್ಲ, ಆದರೂ ಸಾಲು ತಪ್ಪಿಲ್ಲ. ನಮ್ಮೂರಿನ ಮಣ್ಣು ರಸ್ತೆಯಲ್ಲಿ ಲಾರಿ ಓಡಿ ಓಡಿ ಅಲೆಯಲೆಯಾಗಿ ಉಬ್ಬು ಏಳುತ್ತವಲ್ಲ, ಆ ಜಾತಿಯದೇ ಸೃಷ್ಟಿ ಇದು.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಕೊಲರಾಡೊದ ವಿಜ್ಞಾನಿಗಳು ವಿಂಟರ್ ಪಾರ್ಕಿನ ಮೊಗಲ್‌ಗಳ ಚಿತ್ರಗಳನ್ನು ಋತುವಿನುದ್ದಕ್ಕೂ ತೆಗೆದು 2009ರಲ್ಲಿ ಲೆಕ್ಕ ಪ್ರಕಟಿಸಿದರು: ಈ ದಿಬ್ಬಗಳು ದಿನಕ್ಕೆ ಸುಮಾರು 8 ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತವೆ. ಕೆಳಕ್ಕಲ್ಲ, ಬೆಟ್ಟದ ಮೇಲಕ್ಕೆ! ಸ್ಕೀಯರ್ ಒಂದು ದಿಬ್ಬದ ಕೆಳಮೈಯಿಂದ ಹಿಮ ಕೆರೆದು ಮುಂದಿನ ದಿಬ್ಬದ ಮೇಲ್ಮೈಗೆ ಸುರಿಯುತ್ತಾನೆ. ಹಿಮದ ಕಣಗಳು ಇಳಿಯುತ್ತವೆ, ದಿಬ್ಬದ ಆಕಾರ ಏರುತ್ತದೆ. ಒಂದು ಋತುವಿಗೆ ಹತ್ತು ಮೀಟರ್‌ನಷ್ಟು ಯಾತ್ರೆ. ಸಾವಿರಾರು ಜನ ಗೊತ್ತಿಲ್ಲದೆ ಸೇರಿ ಮಾಡಿದ ಈ ರಚನೆಯನ್ನು ನನ್ನ ಕಣ್ಣು ಕಲಾಕೃತಿಯೆಂದೇ ನೋಡುತ್ತದೆ. ಪ್ರತಿ ರಾತ್ರಿ ಅದನ್ನು ಒರೆಸಿ ಹಾಕುವ ಪದ್ಧತಿಯ ಮೇಲೆ ನನ್ನ ಮುನಿಸು ಹುಟ್ಟುವುದೂ ಅಲ್ಲೇ. ವಿಂಟರ್ ಪಾರ್ಕ್ ಕನಿಷ್ಠ ತನ್ನ ಇನ್ನೊಂದು ಪಾರ್ಶ್ವವನ್ನು ಉಳಿಸಿಕೊಂಡಿದೆ. 1975ರಲ್ಲಿ ತೆರೆದ ಅದರ ಮೇರಿ ಜೇನ್ ಭಾಗ ಮೊಗಲ್‌ಗಳಿಗೇ ಹೆಸರುವಾಸಿ. ದಿಬ್ಬ ಅಳಿಸುವ ಸಾಧನ ಹುಟ್ಟಿದ ಊರಲ್ಲೇ ದಿಬ್ಬದ ತವರೂ ಇದೆ.

ಇನ್ನೊಂದು ತುದಿಯಲ್ಲಿ ಯೂಟಾದ ಡಿಯರ್ ವ್ಯಾಲಿ. 1981ರಲ್ಲಿ ಶುರುವಾದ ಈ ರೆಸಾರ್ಟ್ ಸ್ಕೀಯಿಂಗನ್ನು ಪಂಚತಾರಾ ಹೋಟೆಲಿನ ಶಿಸ್ತಿಗೆ ತಂದಿತು. ಕಾರು ನಿಂತೊಡನೆ ಸ್ಕೀ ಇಳಿಸಿಕೊಡಲು ಆಳು, ದಿನಕ್ಕೆ ಇಷ್ಟೇ ಟಿಕೆಟ್ ಎಂಬ ಮಿತಿ, ಮೇಲೆ ಚಾದರದಂಥ ಹಿಮ. 1952ರ ಓಸ್ಲೊ ಒಲಿಂಪಿಕ್ಸ್‌ನ ಚಿನ್ನದ ಪದಕ ವಿಜೇತ ಸ್ಟೈನ್ ಎರಿಕ್ಸನ್ ಅದರ ಮುಖವಾಗಿದ್ದರು. ಅಲ್ಲಿನ ಗ್ರೂಮಿಂಗ್ ಅಚ್ಚುಕಟ್ಟು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ 2002ರ ಒಲಿಂಪಿಕ್ಸ್‌ನ ಮೊಗಲ್ ಸ್ಪರ್ಧೆ ನಡೆದದ್ದೂ ಅಲ್ಲೇ. ಇಂಥ ಸ್ಪರ್ಧೆಗಳಿಗೆ ದಿಬ್ಬಗಳನ್ನು ಅಳತೆ ಹಿಡಿದು ಕಟ್ಟಿಸುತ್ತಾರೆ, ಸ್ನೋಕ್ಯಾಟ್‌ನಿಂದಲೇ. ತಾನಾಗಿ ಬೆಳೆದದ್ದನ್ನು ಅಳಿಸಿ, ಬೇಕಾದಾಗ ಯಂತ್ರದಿಂದ ನೆಡುವುದು! ನಾಟಿಕೋಳಿ ಓಡಿಸಿ ಫಾರಂ ಕೋಳಿಗೆ ನಾಟಿ ಮಸಾಲೆ ಅರೆದ ಹಾಗಾಯಿತು.

ಸೌಂದರ್ಯದ ಮಾತು ಬಿಟ್ಟರೂ ನನಗೆ ಇನ್ನೊಂದು ತಕರಾರಿದೆ. ಅಮೆರಿಕದಲ್ಲಿ ಇಳಿಜಾರಿನ ಕಷ್ಟ ಸೂಚಿಸಲು, ಸುಲಭದಿಂದ ಕಠಿಣದ ಕ್ರಮದಲ್ಲಿ, ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರದ ಫಲಕಗಳಿವೆ. ಹಗ್ಗದ ಯಂತ್ರ ಕಪ್ಪು ವಜ್ರವನ್ನು ರಾತ್ರೋರಾತ್ರಿ ನುಣುಪು ಮಾಡಿದರೆ, ಅದು ಹದಮಾಡದ ನೀಲಿ ಚೌಕಕ್ಕಿಂತ ಸಲೀಸಾಗುತ್ತದೆ. ಫಲಕ ಮಾತ್ರ ಕಪ್ಪಾಗೇ ಇರುತ್ತದೆ. ಅದನ್ನು ಇಳಿದವನು ತಾನು ಪಳಗಿದೆನೆಂದು ನಂಬುತ್ತಾನೆ, ಮತ್ತು ಬೆಟ್ಟ ಇಸ್ತ್ರಿಯಿಲ್ಲದೆ ಸಿಕ್ಕ ದಿನ ಮಂಡಿ ಮುರಿದುಕೊಳ್ಳುತ್ತಾನೆ. ನುಣುಪು ಅಂದರೆ ಸುರಕ್ಷಿತ ಎಂಬ ವಾದವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಮೊಗಲ್ ನಡುವೆ ವೇಗವಾಗಿ ಹೋಗಬೇಕೆಂದರೂ ನಮ್ಮಂಥವರಿಂದ ಆಗದು. ಚಾದರದ ಮೇಲೆ ನಿಧಾನವಾಗಿ ಹೋಗಬೇಕೆಂದರೂ ಮನಸ್ಸು ಕೇಳದು. ತೊಂಬತ್ತರ ದಶಕದಲ್ಲಿ ಬಂದ ನಡು ಕಿರಿದಾದ ಸ್ಕೀಗಳು ಕಾರ್ಡುರಾಯ್ ಮೇಲೆ ರೈಲು ಹಳಿ ಹಿಡಿದಂತೆ ಓಡುತ್ತವೆ. ಕೆಳಗೆ ಮಗುವಿಗೆ ಕಲಿಸುತ್ತ ನಿಂತ ತಾಯಿಯ ಕಡೆಯಿಂದ ಯೋಚಿಸಿದರೆ ಆ ಓಟ ಬೇರೆಯೇ ಕಾಣುತ್ತದೆ.

ಹಾಗಂತ ಯಂತ್ರವನ್ನೇ ಓಡಿಸಿಬಿಡಿ ಎನ್ನುವವರ ಜೊತೆ ನಾನಿಲ್ಲ. ಅಂಥವರ ಕಾಶಿ ವರ್ಮಾಂಟ್ ರಾಜ್ಯದ ಮ್ಯಾಡ್ ರಿವರ್ ಗ್ಲೆನ್. 1948ರಲ್ಲಿ ತೆರೆದ ಈ ಬೆಟ್ಟವನ್ನು 1995ರಿಂದ ಸ್ಕೀಯರುಗಳೇ ಸಹಕಾರ ಸಂಘ ಕಟ್ಟಿಕೊಂಡು ನಡೆಸುತ್ತಿದ್ದಾರೆ. ಒಬ್ಬರೇ ಕೂರುವ ಹಳೇ ಮಾದರಿಯ ಲಿಫ್ಟ್, ಕನಿಷ್ಠ ಗ್ರೂಮಿಂಗ್, ಬಹುಪಾಲು ಆಕಾಶ ಕೊಟ್ಟಷ್ಟೇ ಹಿಮ, ಕೈಲಾದರೆ ಇಳಿ ಎಂಬ ಧಾಟಿಯ ಘೋಷವಾಕ್ಯ. ಆ ಹಟದ ಬಗ್ಗೆ ಗೌರವವಿದೆ. ಆದರೆ ಪೂರ್ವ ಕರಾವಳಿಯ ಕಡೆ ಚಳಿಗಾಲದಲ್ಲೂ ಮಳೆ ಬೀಳುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ, ಬೆಳಗಾದರೆ ಬೆಟ್ಟ ಗಾಜು. ಆ ಗಾಜನ್ನು ಒಡೆದು ಮತ್ತೆ ಹಿಮವಾಗಿಸಲು ಟಿಲ್ಲರ್‌ನ ಹಲ್ಲುಗಳೇ ಬೇಕು. ಜಿಪಿಎಸ್‌ನಿಂದ ಹಿಮದ ಆಳ ಅಳೆಯುವ ಈಗಿನ ಯಂತ್ರಗಳು ದಪ್ಪ ಇರುವಲ್ಲಿಂದ ತೆಳು ಇರುವಲ್ಲಿಗೆ ಹಿಮ ಸಾಗಿಸಿ ಋತುವನ್ನು ನಾಲ್ಕು ದಿನ ಹಿಗ್ಗಿಸುತ್ತವೆ. ಇನ್ನು ಸಪಾಟು ದಾರಿಯ ಕ್ರಾಸ್‌ಕಂಟ್ರಿ ಸ್ಕೀಯಿಂಗ್‌ನಲ್ಲಿ ಈ ಪ್ರಶ್ನೆಯೇ ಏಳದು. ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದ ಕೊಡಗಿನ ತೆಕ್ಕಡ ಭವಾನಿಯವರ ಆಟ ಅದು; ಹದವಾದ ಜಾಡಿಲ್ಲದೆ ಅಲ್ಲಿ ಸ್ಪರ್ಧೆಯೇ ಇಲ್ಲ.

ಬೇಕಾದದ್ದು ಕೈ ಹಿಡಿತ. ಹಸಿರು ವೃತ್ತಗಳನ್ನು ದಿನವೂ ಬಾಚಲಿ, ಹೊಸಬರಿಗೆ, ಮಂಡಿ ಸವೆದವರಿಗೆ, ವರ್ಷಕ್ಕೆ ಮೂರೇ ದಿನ ರಜೆ ಸಿಗುವವರಿಗೆ ಅದು ಬೇಕು. ಕಪ್ಪು ವಜ್ರಗಳಿಗೆ ವಾರಗಟ್ಟಲೆ ಬಿಡುವು ಸಿಗಲಿ. ನಡುವಿನ ನೀಲಿಯಲ್ಲಿ ಅರ್ಧ ಅಗಲ ಬಾಚಿ ಅರ್ಧ ಅಗಲ ಬಿಡುವ ಕ್ರಮ ಕೆಲವು ಕಡೆ ಈಗಾಗಲೇ ಇದೆ. ನನ್ನ ಮಟ್ಟಿಗೆ ಅದೇ ಅತ್ಯುತ್ತಮ ಗ್ರೂಮಿಂಗ್. ದೊಡ್ಡ ರೆಸಾರ್ಟುಗಳಲ್ಲಿ ಒಂದು ದಿನದ ಟಿಕೆಟ್ 300 ಡಾಲರ್ ದಾಟಿರುವಾಗ ನುಣುಪಿನ ಬೇಡಿಕೆ ಏಕೆ ಜೋರೆಂಬುದು ಅರ್ಥವಾಗುತ್ತದೆ. ಅಷ್ಟು ಕೊಟ್ಟವನು ಬೀಳಲು ಒಪ್ಪಲಾರ.

ಕಳೆದ ಮಾರ್ಚಿನಲ್ಲಿ ಅಂಥದೊಂದು ಅರ್ಧಂಬರ್ಧ ಇಳಿಜಾರಿನ ನೆತ್ತಿಯಲ್ಲಿ ನಿಂತಿದ್ದೆ. ಎಡಕ್ಕೆ ದಿಬ್ಬಗಳು, ಬಲಕ್ಕೆ ಮಧ್ಯಾಹ್ನದ ಹೊತ್ತಿಗೆ ಗೆರೆ ಸವೆದ ಕಾರ್ಡುರಾಯ್. ಎಡಕ್ಕೆ ಇಳಿದೆ. ಹನ್ನೊಂದನೆಯ ದಿಬ್ಬಕ್ಕೆ ಮಂಡಿ ಗೊಣಗಿತು. ಹದಿನಾಲ್ಕನೆಯದರಲ್ಲಿ ಒಂದು ಸ್ಕೀ ಕಳಚಿಕೊಂಡು ಮೇಲೇ ಉಳಿಯಿತು. ಹತ್ತಿ ಹೋಗಿ ತಂದು ಕಟ್ಟಿಕೊಂಡು, ಉಳಿದ ದಾರಿಯನ್ನು ಬಲಗಡೆಯಿಂದ ಮುಗಿಸಿದೆ.