ತೋಟಾಗಳ ನಿಘಂಟು

ನಿಘಂಟೆಂದರೆ ಪದಗಳದ್ದೇ ಆಗಬೇಕೆಂಬ ನಿಯಮವೇನೂ ಇಲ್ಲ. ಅಮೆರಿಕದ ಫ್ರಾಂಕ್ ಬಾರ್ನ್ಸ್ ಅವರು 1965ರಲ್ಲಿ ಹೊರತಂದ ‘ಕಾರ್ಟ್ರಿಜಸ್ ಆಫ್ ದಿ ವರ್ಲ್ಡ್’ ಎಂಬ ಗ್ರಂಥ ಬಂದೂಕಿನ ತೋಟಾಗಳ ನಿಘಂಟು. ಅವರು ತೀರಿಕೊಂಡ ಮೇಲೂ ಬೇರೆ ಬೇರೆ ಸಂಪಾದಕರ ಕೈಯಲ್ಲಿ ಅದು ಪರಿಷ್ಕಾರಗೊಳ್ಳುತ್ತ ಬಂದಿದೆ. ಕೋವಿ ಮುಟ್ಟದ ನಮ್ಮಂಥವರಿಗೆ ಅದರಿಂದೇನು ಎಂದು ವಾಚಕರು ಕೇಳಬಹುದು. ಒಳ್ಳೆಯ ಕೋಶದ ಲಕ್ಷಣವೇನೆಂದು ತಿಳಿಯಬಯಸುವವರಿಗೆ ಅದರಿಂದ ಪ್ರಯೋಜನವುಂಟು.

ಹಾರಿಸಿದ ತೋಟಾದ ಹಿತ್ತಾಳೆಯ ಕೊಳವೆಯನ್ನು ಎಸೆಯದೆ, ಹೊಸ ಕೇಪು, ಅಳೆದ ಮದ್ದು, ಹೊಸ ಗುಂಡು ಸೇರಿಸಿ ಮನೆಯಲ್ಲಿಯೇ ಮತ್ತೆ ಸಿದ್ಧಪಡಿಸಿಕೊಳ್ಳುವ ಹವ್ಯಾಸಿಗಳು ಆ ದೇಶದಲ್ಲಿ ಬಹಳ. ಅವರು ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಪೌಂಡಿಗೆ 7000 ಗ್ರೇನ್. ನಮ್ಮ ನಿಘಂಟು ತಪ್ಪಿದರೆ ವಿದ್ಯಾರ್ಥಿಗೆ ಎರಡು ಅಂಕ ಹೋದೀತು. ಇಂಥ ಪುಸ್ತಕದಲ್ಲಿ ಒಂದು ಅಂಕಿ ತಪ್ಪಿದರೆ ಓದುಗನ ಕಣ್ಣೇ ಹೋದೀತು.

ತೋಟಾಗಳ ಹೆಸರುಗಳಾದರೋ ವ್ಯಾಕರಣಕ್ಕೆ ಬಗ್ಗುವಂಥವಲ್ಲ. ಮೊದಲ ಸಂಖ್ಯೆ ಸಾಮಾನ್ಯವಾಗಿ ಅಂಗುಲದ ಲೆಕ್ಕದಲ್ಲಿ ನಳಿಗೆಯ ಅಗಲವನ್ನು ಸೂಚಿಸುತ್ತದೆ. ಎರಡನೆಯದಕ್ಕೆ ಒಂದೇ ಅರ್ಥವಿಲ್ಲ. ‘.30-30’ರಲ್ಲಿ ಅದು ಮದ್ದಿನ ತೂಕ, ‘.30-06’ರಲ್ಲಿ 1906ನೆಯ ಇಸವಿ, ‘.250-3000’ದಲ್ಲಿ ಗುಂಡು ಸೆಕೆಂಡಿಗೆ ಕ್ರಮಿಸುವ ಅಡಿಗಳು. ‘.38 ಸ್ಪೆಷಲ್’ ತೋಟಾದ ಗುಂಡನ್ನು ಅಳೆದರೆ ಸುಮಾರು .357 ಅಂಗುಲ ಮಾತ್ರ! ರೂಢಿ ಶಾಸ್ತ್ರವನ್ನು ಗೆದ್ದಿದೆ. ಇಂಥ ಕಡೆ ಅಳತೆಯ ಜೊತೆಗೆ ಹೆಸರಿನ ಹುಟ್ಟನ್ನೂ ಹೇಳುವ ಕೋಶವೇ ಬೇಕು. ಬಾರ್ನ್ಸ್ ಅವರ ಕ್ರಮ ಅದೇ: ಮೊದಲು ಚರಿತ್ರೆ, ಬಳಿಕ ವಿಮರ್ಶೆ, ಜೊತೆಗೆ ಕೋಷ್ಟಕ.

ಬಳಕೆ ತಪ್ಪಿದ ತೋಟಾಗಳಿಗೆ ಅವರು ಪ್ರತ್ಯೇಕ ಅಧ್ಯಾಯ ಕೊಟ್ಟಿರುವುದು ಇನ್ನೂ ಮೆಚ್ಚತಕ್ಕ ಮಾತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥೆಗಳನ್ನು, ತೇಜಸ್ವಿಯವರ ಕನ್ನಡದಲ್ಲಾದರೂ, ಓದದವರು ಕಡಮೆ. ಆಂಡರ್ಸನ್ನರ ಮೆಚ್ಚಿನ ಕೋವಿಯ .405 ವಿಂಚೆಸ್ಟರ್ ತೋಟಾ 1904ರಲ್ಲಿ ಹುಟ್ಟಿ, ಮುಂದೆ ಕಾರ್ಖಾನೆಗಳಿಂದ ಮರೆಯಾಗಿ, ಈ ಶತಮಾನದ ಆರಂಭದಲ್ಲಿ ಮರಳಿ ಬಂದಿತು. ಸತ್ತಿತೆಂದುಕೊಂಡ ಪದವೂ ಕೋಶದಲ್ಲಿದ್ದರೆ ಒಂದು ದಿನ ಎದ್ದು ಬರಬಹುದು.

ಆದರೆ ಆಕ್ಷೇಪಣೆಯೂ ಒಂದಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬ್ರಿಟಿಷ್ ಸರ್ಕಾರ ಭಾರತಕ್ಕೂ ಸುಡಾನಿಗೂ .450 ಅಳತೆಯ ಬೇಟೆಕೋವಿಗಳು ಬಾರದಂತೆ ತಡೆಯಿತು. ಹಳೆಯ ಮಾರ್ಟಿನಿ-ಹೆನ್ರಿ ಸೈನಿಕ ಕೋವಿಯ ಅಳತೆಯೂ ಅದೇ. ಗುಂಡುಗಳು ದಂಗೆಯೇಳುವವರ ಕೈಸೇರಿಯಾವೆಂಬ ಭಯ. ಇಂಗ್ಲೆಂಡಿನ ತಯಾರಕರು ಬೇರೆ ಅಳತೆಗಳನ್ನು ಹುಡುಕಿದರು. ಹಾಲೆಂಡ್ ಅಂಡ್ ಹಾಲೆಂಡ್ ಕಂಪನಿಯ.500/465 ತೋಟಾ 1907ರಲ್ಲಿ ಬಂದದ್ದು ಹೀಗೆ. 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಸಿಡಿದೆದ್ದ ಹಲಗಲಿ ಬೇಡರ ಲಾವಣಿ ಕೇಳಿದ ಕನ್ನಡಿಗರಿಗೆ ಆ ಭಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಕೋಶಗಳಲ್ಲಾದರೋ ಈ ಪ್ರಸಂಗ ಒಂದೆರಡು ವಾಕ್ಯಗಳಲ್ಲಿ ಮುಗಿಯುತ್ತದೆ. ಯಾವ ಮೃಗಕ್ಕೆ ಯಾವ ಗುಂಡು ಸಾಕೆಂಬ ಚರ್ಚೆಗೆ ಮಾತ್ರ ಪುಟಗಳು ಧಾರಾಳ.

ಕೋಶಕಾರ ನೀತಿ ಬೋಧಿಸಬೇಕಾಗಿಲ್ಲ. ಆದರೆ ಗುಂಡು ಜಿಂಕೆಗೆ, ಆನೆಗೆ ತಗಲುವುದನ್ನು ಹೇಳುವವನು ಮನುಷ್ಯನಿಗೂ ತಗಲಿದ್ದನ್ನು ಅಷ್ಟೇ ನಿಖರವಾಗಿ ಹೇಳಬೇಕು. ಅರ್ಥಗಳಲ್ಲಿ ಒಂದನ್ನು ಬಿಟ್ಟ ನಿಘಂಟು ಎಷ್ಟೇ ದಪ್ಪವಾಗಿದ್ದರೂ ಅಪೂರ್ಣವೇ.