ಬೇಟೆಗಾರನ ಜಮೆ, ಎರೆಬಯಲಿನ ಬಾಕಿ

ಕಾಡುಪ್ರಾಣಿಯನ್ನು ಉಳಿಸಿದವನು ಬೇಟೆಗಾರ ಎಂದರೆ ನಮ್ಮಲ್ಲಿ ಹೆಚ್ಚಿನವರು ನಕ್ಕುಬಿಡುತ್ತಾರೆ. ಅಮೆರಿಕದಲ್ಲಿ ಇದನ್ನು ಗಂಭೀರವಾಗಿ ವಾದಿಸುವ ದೊಡ್ಡ ವರ್ಗವೇ ಇದೆ. ಅವರ ಮುಖ್ಯ ಸಾಕ್ಷಿ ಕಾಡು ಟರ್ಕಿ ಕೋಳಿ. ಬಂದೂಕು ಹಿಡಿದವರೇ ದುಡ್ಡು ಕೊಟ್ಟು, ತಾವೇ ಮಿತಿ ಹಾಕಿಕೊಂಡು ಈ ಹಕ್ಕಿಯನ್ನು ಸಾವಿನ ದವಡೆಯಿಂದ ಎಳೆದು ತಂದರು ಎಂಬುದು ಅವರ ಹೆಮ್ಮೆ. ನಕ್ಕು ತಳ್ಳಿಹಾಕುವ ಮಾತಲ್ಲ ಇದು, ಹಾಗಂತ ಕಣ್ಣುಮುಚ್ಚಿ ಒಪ್ಪುವಂಥದ್ದೂ ಅಲ್ಲ. ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ, ಚಿಂಚೋಳಿಯ ನೆಲದಲ್ಲಿ ನಿಂತು ನೋಡಿದರೆ ಈ ವಾದದ ಗಟ್ಟಿ ಭಾಗ ಯಾವುದು, ಜೊಳ್ಳು ಯಾವುದು ಎಂಬುದು ಬೇಗ ಬೇರೆಯಾಗುತ್ತದೆ.

ಮೊದಲು ಗಟ್ಟಿ ಭಾಗ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಟರ್ಕಿ ಕೋಳಿಯನ್ನು ಹೊಡೆದು ಬಂಡಿಗಟ್ಟಲೆ ಪೇಟೆಗೆ ಸಾಗಿಸುತ್ತಿದ್ದರು. ಕಾಡು ಕಡಿದು ಹೊಲ ಮಾಡಿದ್ದರಿಂದ ಇದ್ದ ನೆಲೆಯೂ ಹೋಯಿತು. 1930ರ ದಶಕ ಬರುವಷ್ಟರಲ್ಲಿ ಹಲವು ರಾಜ್ಯಗಳಲ್ಲಿ ಹಕ್ಕಿ ಹೆಸರಿಗೂ ಉಳಿದಿರಲಿಲ್ಲ. 1937ರಲ್ಲಿ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಬಂತು. ಬಂದೂಕು, ತೋಟೆಗಳ ಮೇಲಿನ ತೆರಿಗೆ ವನ್ಯಜೀವಿಗಳ ಕೆಲಸಕ್ಕೇ ಹೋಗಬೇಕು ಎಂದಿತು. ಅದಕ್ಕಿಂತ ಮುಖ್ಯವಾದ ಷರತ್ತು ಇನ್ನೊಂದಿತ್ತು: ಬೇಟೆ ಪರವಾನಗಿಯಿಂದ ಬಂದ ಹಣವನ್ನು ಯಾವ ರಾಜ್ಯವೂ ಬೇರೆ ಬಾಬ್ತಿಗೆ ತಿರುಗಿಸುವಂತಿಲ್ಲ. ಸಾಕಿದ ಕೋಳಿಗಳನ್ನು ಕಾಡಿಗೆ ಬಿಟ್ಟು ನೋಡಿದರು, ಅವು ಬದುಕಲಿಲ್ಲ. ಆಮೇಲೆ ಸ್ಫೋಟಕದ ಬಲದಿಂದ ಹಾರಿ ಬೀಳುವ ದೊಡ್ಡ ಬಲೆಗಳಲ್ಲಿ ಕಾಡಿನ ಕೋಳಿಗಳನ್ನೇ ಜೀವಂತ ಹಿಡಿದು, ಖಾಲಿಯಾದ ಕಾಡುಗಳಿಗೆ ಒಯ್ದು ಬಿಟ್ಟರು. 1973ರಲ್ಲಿ ಬೇಟೆಗಾರರದೇ ರಾಷ್ಟ್ರೀಯ ಟರ್ಕಿ ಒಕ್ಕೂಟ ಹುಟ್ಟಿಕೊಂಡಿತು. ಇಂದು ಈ ಹಕ್ಕಿಯ ಸಂಖ್ಯೆ 60 ಲಕ್ಷದ ಆಸುಪಾಸಿನಲ್ಲಿದೆ. ಇದು ಸಣ್ಣ ಸಾಧನೆಯಲ್ಲ.

ಇನ್ನು ಆ ಹೆಮ್ಮೆ ಬಿಟ್ಟುಬಿಡುವ ಸಂಗತಿಗಳು. ಟರ್ಕಿಯನ್ನು ಅಳಿವಿನ ಅಂಚಿಗೆ ತಂದದ್ದೂ ಬಂದೂಕೇ. 1900ರ ಲೇಸಿ ಕಾಯ್ದೆ ಒಂದು ರಾಜ್ಯದಲ್ಲಿ ಅಕ್ರಮವಾಗಿ ಹೊಡೆದದ್ದನ್ನು ಇನ್ನೊಂದು ರಾಜ್ಯದ ಪೇಟೆಗೆ ಒಯ್ಯುವುದನ್ನು ತಡೆಯಿತು. ಎಂದರೆ ಮೊದಲ ಪಾರುಗಾಣಿಕೆ ಬೇಟೆಯಿಂದಲ್ಲ, ಬೇಟೆಯ ವ್ಯಾಪಾರ ನಿಲ್ಲಿಸಿದ್ದರಿಂದ. ಎರಡನೆಯದಾಗಿ, ರೈತರು ಕೈಬಿಟ್ಟ ಬಡ ಜಮೀನುಗಳಲ್ಲಿ ಕಾಡು ತಾನಾಗಿ ಮರಳಿ ಬೆಳೆದಿತ್ತು. ಬಿಡುವುದಕ್ಕೆ ನೆಲೆಯೇ ಇಲ್ಲದಿದ್ದರೆ ಬಲೆ ಹಾಕಿ ಹಿಡಿದ ಕೋಳಿಗಳನ್ನು ಎಲ್ಲಿ ಬಿಡುತ್ತಿದ್ದರು? ಮೂರನೆಯದು ಹಕ್ಕಿಯ ಸ್ವಭಾವ. ಹೆಣ್ಣು ಟರ್ಕಿ ಒಂದು ಸಲಕ್ಕೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ವಸಂತದಲ್ಲಿ ಕೆಲವು ಗಂಡುಗಳನ್ನು ಹೊಡೆದರೂ ಸಂತಾನ ನಿಲ್ಲುವುದಿಲ್ಲ. ಇಂಥ ಹಕ್ಕಿಯ ವಿಷಯದಲ್ಲಿ ಬೇಟೆಯೂ ರಕ್ಷಣೆಯೂ ಒಂದೇ ಸೂರಿನಡಿ ಬಾಳಬಹುದು. ಎಲ್ಲ ಹಕ್ಕಿಗೂ ಈ ಲೆಕ್ಕ ಕೂಡುವುದಿಲ್ಲ.

ನಮ್ಮ ಬಯಲಿನ ಎರೆಭೂತನನ್ನೇ ನೋಡಿ. ಮೈಕಟ್ಟಿನಲ್ಲಿ ಟರ್ಕಿಗೆ ಹೋಲಿಸಬಹುದಾದ, ತೂಕದಲ್ಲಿ ಅದನ್ನೂ ಮೀರಿಸುವ ಹಕ್ಕಿ. ಗಂಡು ಒಂದು ಮೀಟರ್ ಎತ್ತರ ನಿಲ್ಲುತ್ತದೆ, ಹದಿನೈದು ಕಿಲೋದವರೆಗೂ ತೂಗುತ್ತದೆ. ಕೂಡುವ ಕಾಲಕ್ಕೆ ಕತ್ತಿನ ಚೀಲವನ್ನು ಗಾಳಿಯಿಂದ ಉಬ್ಬಿಸಿ ಎದೆಯ ಮುಂದೆ ಜೋಲಿಬಿಟ್ಟು, ಬಾಲ ಎತ್ತಿ ಮೆರೆಯುತ್ತದೆ. ಹೆಣ್ಣು ಮಾತ್ರ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದನ್ನು ನರಿ, ನಾಯಿ, ಕಾಗೆ, ದನದ ಗೊರಸು ಯಾವುದು ಮುಗಿಸಿದರೂ ಆ ವರ್ಷದ ಫಸಲು ಬಹುತೇಕ ಹೋದಂತೆ. ಇಂಥ ಹಕ್ಕಿಯನ್ನು ಟರ್ಕಿಯಂತೆ ಹೊಡೆದರೆ ಏನಾಗುತ್ತದೆ ಎಂಬುದಕ್ಕೆ ದಾಖಲೆಯಿದೆ. 1809ರಿಂದ 1829ರ ನಡುವೆ ಅಹ್ಮದನಗರ ಜಿಲ್ಲೆಯೊಂದರಲ್ಲೇ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷ್ ಶಿಕಾರಿ 961 ಎರೆಭೂತಗಳನ್ನು ಹೊಡೆದ. ಇಂದು ದೇಶದಲ್ಲೆಲ್ಲ ಹುಡುಕಿದರೂ ಕಾಡಿನಲ್ಲಿ 150ಕ್ಕಿಂತ ಕಡಿಮೆ ಹಕ್ಕಿಗಳಿವೆ, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಕೈಬೆರಳೆಣಿಕೆಯಷ್ಟನ್ನು ಕಂಡವರಿದ್ದಾರೆ. ರಾಣೆಬೆನ್ನೂರಿನಲ್ಲಿ ಇದ್ದವು ಎಂಬುದು ಈಗ ಹಳೆಯ ಕಥೆ.

ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ಬೇಟೆಯ ಪರಂಪರೆ ನಮಗೆ ಏನು ಬಿಟ್ಟುಹೋಯಿತು? ನಿಜಾಮರ ಶಿಕಾರಗಾಹಗಳಾಗಿದ್ದ ಕಾಡುಗಳಲ್ಲಿ ಕೆಲವು ಆಮೇಲೆ ಅಭಯಾರಣ್ಯಗಳಾದವು. ಈಗ ತೆಲಂಗಾಣದಲ್ಲಿರುವ ಪೋಚಾರಂ 1952ರಲ್ಲೇ ಆಯಿತು. ಮೈಸೂರು ಅರಸರ ಬೇಟೆಕಾಡು ಬಂಡೀಪುರವಾದ ದಾರಿಯೂ ಇದೇ. ದೊರೆಗಳ ಶೋಕಿಯಿಂದ ಕಾಡಿಗೆ ಲಾಭವಾಯಿತು ಎಂಬ ಮಾತಿಗೆ ಅಷ್ಟರಮಟ್ಟಿಗೆ ಆಧಾರವಿದೆ. ಆದರೆ ದೊರೆ ಕಾಯಿಸಿದ್ದು ಹುಲಿ ಅಡಗುವ ದಟ್ಟ ಕಾಡನ್ನು. ಚಿಗರಿ ಓಡುವ, ತೋಳ ಅಲೆಯುವ, ಎರೆಭೂತ ಮೊಟ್ಟೆಯಿಡುವ ಹುಲ್ಲುಬಯಲು ಕಂದಾಯದ ಕಡತದಲ್ಲಿ ಬೀಳುಭೂಮಿಯಾಗಿಯೇ ಉಳಿಯಿತು. ಬಂದೂಕು ಹಿಡಿದವರು ಆ ಬಯಲಿನಿಂದ ಹಕ್ಕಿ ಒಯ್ದರೇ ಹೊರತು ಅದಕ್ಕೆ ಏನನ್ನೂ ಕೊಟ್ಟುಹೋಗಲಿಲ್ಲ. 1948ರಲ್ಲಿ ಸಂಸ್ಥಾನ ಹೋಯಿತು, 1956ರಲ್ಲಿ ಕಲಬುರಗಿ ಮೈಸೂರು ರಾಜ್ಯಕ್ಕೆ ಬಂತು. ಬಯಲಿನ ಹಣೆಬರಹ ಮಾತ್ರ ಬದಲಾಗಲಿಲ್ಲ.

ಬೇಟೆಯ ಇನ್ನೊಂದು ಪರಂಪರೆ ಬಡವರದು. ಪಾರಧಿ, ಹರಣಶಿಕಾರಿ ಜನರ ಕೌಜುಗದ ಬೇಟೆಯನ್ನೇ ತೆಗೆದುಕೊಳ್ಳಿ. ಪಳಗಿಸಿದ ಗಂಡು ಕೌಜುಗವೊಂದನ್ನು ಪಂಜರದಲ್ಲಿಟ್ಟು ಬದುವಿನ ಮೇಲೆ ಇಡುತ್ತಾರೆ. ಸುತ್ತ ಸಣ್ಣ ಗೂಟಗಳಿಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಉರುಲುಗಳ ಸಾಲು. ಬೆಳಗಿನ ಜಾವ ಪಂಜರದ ಹಕ್ಕಿ ಗಟ್ಟಿಯಾಗಿ ಕೂಗತೊಡಗುತ್ತದೆ. ತನ್ನ ಸರಹದ್ದಿನೊಳಗೆ ಯಾರೋ ಬಂದ ಎಂದು ಆ ಹೊಲದ ಗಂಡು ಕೌಜುಗ ರೊಚ್ಚಿಗೆದ್ದು ಪೊದೆಯಿಂದ ಓಡಿಬರುತ್ತದೆ, ಜಗಳಕ್ಕೆ ಕತ್ತು ಚಾಚುತ್ತದೆ, ಉರುಲು ಬಿಗಿಯುತ್ತದೆ. ಅಮೆರಿಕದ ಬೇಟೆಗಾರ ಮರದ ಪೆಟ್ಟಿಗೆಯೊಂದನ್ನು ಉಜ್ಜಿ ಹೆಣ್ಣು ಟರ್ಕಿಯ ದನಿ ಹೊರಡಿಸಿ ಗಂಡನ್ನು ಹತ್ತಿರ ಕರೆಯುವುದೂ ಇದೇ ವಿದ್ಯೆ. ಅಲ್ಲಿ ಪ್ರಣಯದ ಕರೆ, ಇಲ್ಲಿ ಜಗಳದ ಕರೆ, ಅಷ್ಟೇ ವ್ಯತ್ಯಾಸ. ಎರಡೂ ಕಡೆ ಹಕ್ಕಿಯ ಗುಣ, ವೇಳೆ, ಗಾಳಿ, ಮೇವು ಎಲ್ಲವನ್ನೂ ಅರೆದು ಕುಡಿದವನಿಗೆ ಮಾತ್ರ ಇದು ಸಾಧ್ಯ.

ಆದರೆ ಒಬ್ಬನಿಗೆ ಸಂದದ್ದು ಸಂರಕ್ಷಕನ ಬಿರುದು, ಇನ್ನೊಬ್ಬನಿಗೆ ಸಂದದ್ದು ಕಳ್ಳನ ಪಟ್ಟ. 1871ರಲ್ಲಿ ಶುರುವಾದ ಅಪರಾಧಿ ಬುಡಕಟ್ಟುಗಳ ಕಾಯ್ದೆಗಳಡಿ ಇಂಥ ಅಲೆಮಾರಿ ಜನರನ್ನು ಹುಟ್ಟಿನಿಂದಲೇ ತಪ್ಪಿತಸ್ಥರೆಂದು ಬರೆದಿಟ್ಟರು. ಸೋಲಾಪುರ, ಹುಬ್ಬಳ್ಳಿಗಳಲ್ಲಿ ತಂತಿಬೇಲಿಯ ಸೆಟ್ಲಮೆಂಟುಗಳೊಳಗೆ ಕೂಡಿಹಾಕಿದರು. 1952ರಲ್ಲಿ ಆ ಹಣೆಪಟ್ಟಿ ಕಿತ್ತರೂ ಪೊಲೀಸ್ ಠಾಣೆಯ ಕಣ್ಣಿಗೆ ಅದು ಕಾಣುತ್ತಲೇ ಉಳಿಯಿತು. ಕೌಜುಗ ಹಿಡಿದು ಮಾರುವುದು ತಪ್ಪಲ್ಲ ಎಂದು ನಾನು ಹೇಳುತ್ತಿಲ್ಲ. ಪೇಟೆಗಾಗಿ ನಡೆಯುವ ಬೇಟೆ ಟರ್ಕಿಯನ್ನು ಮುಗಿಸಿದಂತೆಯೇ ಕೌಜುಗ, ಲಾವಗಿಗಳನ್ನೂ ಮುಗಿಸಬಲ್ಲದು. ಆದರೆ ಹಕ್ಕಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನನ್ನು ಜೈಲಿಗೆ ಕಳಿಸುವುದೊಂದೇ ನಮಗೆ ಹೊಳೆದ ಉಪಾಯ ಎಂಬುದು ನಮ್ಮ ಸಂರಕ್ಷಣೆಯ ದಾರಿದ್ರ್ಯ. ವಿದರ್ಭದ ಅಕೋಲಾ ಕಡೆ ಕೌಸ್ತುಭ ಪಾಂಢರಿಪಾಂಡೆ ಅವರ ಸಂವೇದನಾ ಸಂಸ್ಥೆ ಫಾಸೆ ಪಾರಧಿಗಳ ಜೊತೆ ಸೇರಿ ಹುಲ್ಲುಗಾವಲು ಕಾಯುವ ಕೆಲಸ ಮಾಡಿದೆ. ಉರುಲು ಹಾಕುತ್ತಿದ್ದವರೇ ಎರೆಭೂತನ ಬಳಗದ ಚಿಕ್ಕ ಹಕ್ಕಿ ತಣಮೋರದ ನೆಲೆಗಳನ್ನು ಗುರುತಿಸಿ ಕಾಯುತ್ತಾರೆ. ಬೇಟೆಗಾರನೇ ಸಂರಕ್ಷಕ ಎಂಬ ಅಮೆರಿಕದ ಮಾತಿಗೆ ದಖ್ಖನ್ನಿನ ನೆಲದಲ್ಲಿ ಸಿಗುವ ಅರ್ಥ ಇದು, ಬಂದೂಕಿಲ್ಲದ ಅರ್ಥ.

ಇನ್ನು ನಮ್ಮ ಕಾನೂನು. ಕೊಲ್ಲಬೇಡ ಎಂದು ಬರೆಸುವುದು ಈ ಸೀಮೆಗೆ ಹೊಸದಲ್ಲ. ಚಿತ್ತಾಪುರ ತಾಲೂಕಿನ ಸನ್ನತಿಯಲ್ಲಿ ಅಶೋಕನ ಶಾಸನ ಸಿಕ್ಕಿದೆ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೊರೆದ ಅವನ ಶಿಲ್ಪವೇ ಇದೆ. ಬೇರೆಡೆ ಬರೆಸಿದ ಮೊದಲ ಬಂಡೆಶಾಸನದಲ್ಲಿ ಅವನು ತನ್ನ ಅಡುಗೆಮನೆಯ ಲೆಕ್ಕವನ್ನೂ ಮುಚ್ಚಿಡಲಿಲ್ಲ: ದಿನಕ್ಕೆ ಎರಡು ನವಿಲು, ಒಂದು ಜಿಂಕೆ ಈಗಲೂ ಸಾಯುತ್ತಿವೆ, ಮುಂದೆ ಅದೂ ನಿಲ್ಲುತ್ತದೆ ಎಂದ. ಆಜ್ಞೆಯ ಜೊತೆ ಇಂಥ ಪ್ರಾಮಾಣಿಕ ಲೆಕ್ಕ ಇಡುವ ಗುಣವನ್ನು ನಮ್ಮ ಆಧುನಿಕ ಕಾಯ್ದೆ ಕಲಿಯಲಿಲ್ಲ. 1972ರ ವನ್ಯಜೀವಿ ಕಾಯ್ದೆ ಎರೆಭೂತನನ್ನು ಮೊದಲ ಪರಿಚ್ಛೇದದಲ್ಲಿಟ್ಟಿತು, 1991ರ ತಿದ್ದುಪಡಿ ಉಳಿದಿದ್ದ ಬೇಟೆ ಪರವಾನಗಿಗಳಿಗೂ ಮಂಗಳ ಹಾಡಿತು. ಬಂದೂಕು ಕೆಳಗಿಳಿದದ್ದು ನಿಜ. ಇದು ಕಾಯ್ದೆಯ ದೊಡ್ಡ ಗೆಲುವು, ಇದನ್ನು ಹಿಂದೆ ಸರಿಸುವ ಯಾವ ವಾದವನ್ನೂ ನಾನು ಒಪ್ಪುವುದಿಲ್ಲ. ಆದರೆ ಹಕ್ಕಿಯನ್ನು ಕೊಲ್ಲುವುದು ಬಂದೂಕೊಂದೇ ಅಲ್ಲ. ನೇಗಿಲು ಹೊಡೆದ ಗಾಯರಾಣದ ಮೇವುನೆಲ, ಗಣಿಗೆ ಹೋದ ಗುಡ್ಡ, ಹೊಲದ ಔಷಧ, ಬಯಲ ಮೇಲೆ ಹಾದ ವಿದ್ಯುತ್ ತಂತಿ, ಇವಕ್ಕೆ ಯಾವ ಪರಿಚ್ಛೇದವೂ ಅಡ್ಡಬರಲಿಲ್ಲ. ಎರೆಭೂತನಿಗೆ ನೇರ ಮುಂದಿನ ದೃಷ್ಟಿ ಕಡಿಮೆ, ಮೈ ಭಾರ. ಹಾರುವಾಗ ತಂತಿ ಕಂಡು ತಿರುಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಈ ತಂತಿಗಳ ವಿಷಯ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೂ ಹೋಗಬೇಕಾಯಿತು.

ಅಭಯಾರಣ್ಯ ಮಾಡಿದ ರೀತಿಯೂ ವಿಮರ್ಶೆಗೆ ಹೊರತಲ್ಲ. ಕಲಬುರಗಿಯಿಂದ ರೈಲಿಗೆ ಕುಳಿತರೆ ಎರಡು ತಾಸಿನ ಆಜುಬಾಜು ಸೋಲಾಪುರ. ಅದರ ಹತ್ತಿರದ ನಾನ್ನಜದಲ್ಲಿ 1979ರಲ್ಲಿ ಎರೆಭೂತನ ಅಭಯಾರಣ್ಯ ಘೋಷಿಸಿದರು, ವಿಸ್ತೀರ್ಣ 8,496 ಚದರ ಕಿಲೋಮೀಟರ್! ಊರು, ಹೊಲ, ರಸ್ತೆ ಎಲ್ಲವೂ ಅದರೊಳಗೆ. ತಮ್ಮ ಹೊಲ ಮಾರುವುದಕ್ಕೂ ತೊಡಕಾದಾಗ ರೈತರಿಗೆ ಹಕ್ಕಿಯೇ ಶತ್ರುವಾಯಿತು. ಕೊನೆಗೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಬೇಕಾಯಿತು. ಮಧ್ಯಪ್ರದೇಶದ ಕರೇರಾದಲ್ಲಿ ಇದೇ ಜಗಳ ಇನ್ನೂ ಕೆಟ್ಟದಾಗಿ ಮುಗಿಯಿತು: ಅಭಯಾರಣ್ಯ ಬಹುಕಾಲ ಕಾಗದದಲ್ಲಿ ಉಳಿಯಿತು, ಎರೆಭೂತ ಉಳಿಯಲಿಲ್ಲ. ಹಕ್ಕಿಯ ಖರ್ಚನ್ನೆಲ್ಲ ಒಣಬೇಸಾಯದ ರೈತನ ತಲೆಗೆ ಕಟ್ಟಿ ಪುಣ್ಯವನ್ನು ಸರಕಾರ ಪಡೆದರೆ ಬೇರೇನಾಗುತ್ತದೆ?

ನಮ್ಮ ಪಾಲಿಗೆ ಬಂದದ್ದು ಚಿಂಚೋಳಿ. ಕುಂಚಾವರಂ ಕಾಡನ್ನು ಒಳಗೊಂಡ ಸುಮಾರು 134 ಚದರ ಕಿಲೋಮೀಟರ್ ಪ್ರದೇಶ 2011ರಲ್ಲಿ ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದ ಒಣನೆಲದ ಮೊದಲ ವನ್ಯಜೀವಿಧಾಮ ಎಂಬ ಹೆಗ್ಗಳಿಕೆ ಇದಕ್ಕಿದೆ. ಚಂದ್ರಂಪಳ್ಳಿ ಜಲಾಶಯ, ತೋಳ, ಕತ್ತೆಕಿರುಬ, ನವಿಲು, ಸುತ್ತ ಲಂಬಾಣಿ ತಾಂಡಾಗಳು. ಒಳ್ಳೆಯ ಕೆಲಸವೇ. ಆದರೆ ಇದೂ ಕಾಡನ್ನೇ ಕಾಯುವ ಹಳೆಯ ಜಾಡು. ಇಲ್ಲಿಂದ ಸೇಡಂ, ಚಿತ್ತಾಪುರ, ನಾಲವಾರದ ಕಡೆ ಇಳಿದರೆ ಸಿಗುವ ಬಯಲಿಗೆ, ಕೌಜುಗ, ಲಾವಗಿ, ನರಿ, ಚಿಗರಿಗಳ ನಿಜವಾದ ನೆಲೆಗೆ, ರಕ್ಷಣೆಯ ಒಂದು ಗೆರೆಯೂ ಇಲ್ಲ. ಅಲ್ಲಿರುವುದು ತೊಗರಿ ಮತ್ತು ಸಿಮೆಂಟು. ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ಹಿಗ್ಗಬೇಕಾದ್ದೇ. ಕಾಯಿಕೊರಕಕ್ಕೆ ಹೊಡೆಯುವ ಔಷಧ ಮಾತ್ರ ಕೌಜುಗದ ಮರಿಗಳ ಬಾಯಿಯಿಂದ ಹುಳವನ್ನು ಕಿತ್ತುಕೊಳ್ಳುತ್ತದೆ. ಶಹಾಬಾದಿನ ಪರ್ಸಿ ಕಲ್ಲು ದೇಶದ ಎಷ್ಟೋ ಮನೆಗಳ ನೆಲವಾಯಿತು. ವಾಡಿಯಲ್ಲಿ 1968ರಿಂದ ಸಿಮೆಂಟು ಸುಡುತ್ತಿದೆ, ಸೇಡಂ, ಮಳಖೇಡಗಳಲ್ಲೂ ಕಾರ್ಖಾನೆಗಳು ಎದ್ದಿವೆ. ಕಲ್ಲು ತೆಗೆದ ಹೊಂಡ ನೀರು ತುಂಬಿ ನಿಲ್ಲುತ್ತದೆ. ಹುಲ್ಲು ಮರಳುವುದಿಲ್ಲ.

ಟರ್ಕಿಯ ಪಾಠ ನಮಗೆ ಬೇಕಾಗುವುದು ಇಲ್ಲಿ. ಅಮೆರಿಕದವರು 1950ರ ದಶಕದ ಕೊನೆಗೆ ನಮ್ಮ ಕೌಜುಗವನ್ನೇ ಹವಾಯಿ ದ್ವೀಪಗಳಿಗೆ ಒಯ್ದು ಬಿಟ್ಟು ಶಿಕಾರಿಯ ಹಕ್ಕಿ ಮಾಡಿಕೊಂಡರು. ನಾವು ಅವರಿಂದ ಬಂದೂಕಿನ ಶೋಕಿಯನ್ನು ತರಬೇಕಿಲ್ಲ. ತರಬೇಕಾದ್ದು ಒಂದೇ ನಿಯಮ: ನೆಲದಿಂದ ಲಾಭ ಪಡೆಯುವವನು ಆ ನೆಲದ ಜೀವಿಗೂ ಪಾಲು ಕೊಡಬೇಕು, ಆ ಪಾಲು ಬೇರೆಲ್ಲಿಗೂ ಸೋರಬಾರದು. ಅಲ್ಲಿ ಲಾಭ ಪಡೆದವನು ಬೇಟೆಗಾರ, ಇಲ್ಲಿ ಗಣಿ. ಹೊಸ ಕಾನೂನೂ ಬೇಕಾಗಿಲ್ಲ. 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗುತ್ತಿಗೆದಾರರು ರಾಜಧನದ ಮೇಲೆ ಹೆಚ್ಚುವರಿ ಹಣ ಕಟ್ಟುತ್ತಿದ್ದಾರೆ, ಹಳೆಯ ಗುತ್ತಿಗೆಗಳಲ್ಲಿ ಅದು ರಾಜಧನದ ಶೇಕಡಾ 30. ಆ ಹಣದ ಆದ್ಯತಾ ಪಟ್ಟಿಯಲ್ಲಿ ಕುಡಿಯುವ ನೀರು, ಶಾಲೆ, ಆಸ್ಪತ್ರೆಗಳ ಜೊತೆ ಪರಿಸರ ಸಂರಕ್ಷಣೆಯೂ ಇದೆ.

ಬೇಟೆಗಾರ ಹಕ್ಕಿಯನ್ನು ಉಳಿಸಿದ ಎಂಬುದು ಅರ್ಧ ಸತ್ಯ. ಉಳಿಸಿದ್ದು ಅವನು ಒಪ್ಪಿಕೊಂಡ ಮಿತಿ, ಕೊಟ್ಟ ದುಡ್ಡು, ಅವನ ಪುಣ್ಯಕ್ಕೆ ಮರಳಿ ಬೆಳೆದ ಕಾಡು. ನಾವು ಮಿತಿಯನ್ನು ಮಾತ್ರ ಕಾನೂನಿನಲ್ಲಿ ಬರೆದು, ದುಡ್ಡು ಮತ್ತು ನೆಲ ಎರಡನ್ನೂ ಮರೆತೆವು. ಆದ್ದರಿಂದ ಕಲಬುರಗಿ ಜಿಲ್ಲಾಡಳಿತದ ಮುಂದೆ ಒಂದು ಬೇಡಿಕೆ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲೂಕುಗಳಲ್ಲಿ ಇನ್ನೂ ಒತ್ತುವರಿಯಾಗದೆ ಉಳಿದ ಗಾಯರಾಣಗಳನ್ನು ಹುಲ್ಲುಗಾವಲೆಂದೇ ಗುರುತಿಸಲಿ. ಖನಿಜ ನಿಧಿಯಿಂದ ಅವುಗಳಿಗೆ ಪ್ರತಿವರ್ಷ ಒಂದು ಪಾಲು ಮೀಸಲಿಡಲಿ. ಕಾಯುವ ಕೆಲಸಕ್ಕೆ ಮೊದಲ ಹಕ್ಕು ಪಾರಧಿ, ಹರಣಶಿಕಾರಿ ಕುಟುಂಬಗಳಿಗಿರಲಿ, ಸಂಬಳದ ಸಮೇತ. ಮೊಟ್ಟೆ ಎಲ್ಲಿದೆ ಎಂದು ಅವರಿಗೆ ಹೇಳಿಕೊಡಬೇಕಾಗಿಲ್ಲ.